ಕುರಿ, ಮೇಕೆಯ ದುಂಡುಹುಳುಗಳು: ಕಂಡ ಹುಳು ಯಾವ ಜಾತಿಯದು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ ಕಡೆ ಕುರಿ, ಮೇಕೆ ಸಾಕುವವರು, ಪಶು ಆಸ್ಪತ್ರೆಯಲ್ಲಿ ಹಿಕ್ಕೆ ಪರೀಕ್ಷೆ ಮಾಡುವ ಸಿಬ್ಬಂದಿ, ಪಶುವೈದ್ಯಕೀಯ ಓದುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನ ಕೆಲಸಕ್ಕೆ ಒಂದು ಒಳ್ಳೆಯ ಭೂತಗನ್ನಡಿ, 10 ಮತ್ತು 40ರ ಮಸೂರವಿರುವ ಸಾಧಾರಣ ಸೂಕ್ಷ್ಮದರ್ಶಕ ಸಾಕು.

ಜಂತುಹುಳು ಅಂದರೆ ಜಂತುಹುಳು. ಔಷಧಿ ಕುಡಿಸಿದರೆ ಆಯಿತಲ್ಲ, ಜಾತಿ ತಿಳಿದು ಏನಾಗಬೇಕು?

ಕುಡಿಸುವ ಔಷಧಿ ಆ ಹುಳುವಿಗೆ ತಾಗುತ್ತದೆಯೋ ಇಲ್ಲವೋ ಎಂಬುದೇ ಜಾತಿಯ ಮೇಲೆ ನಿಂತಿದೆ. ಕ್ಲೋಸಾಂಟೆಲ್ ರಕ್ತ ಹೀರುವ ಹೀಮಾಂಕಸ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಕರುಳಿನ ಟ್ರೈಕೊಸ್ಟ್ರಾಂಜೈಲಸ್‌ಗೆ ಏನೂ ಮಾಡುವುದಿಲ್ಲ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿನ ಔಷಧಿ, ದುಂಡುಹುಳುವಿಗೆ ಅದನ್ನು ಕುಡಿಸಿದರೆ ದುಡ್ಡು ಹೋಯಿತು ಅಷ್ಟೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದೇ ಗುಂಪಿನವು. ಈ ಗುಂಪಿಗೆ ಹೀಮಾಂಕಸ್ ಬಗ್ಗದಿರುವುದು ಪ್ರಪಂಚದ ಬಹುತೇಕ ಕುರಿ ನಾಡುಗಳಲ್ಲಿ ಕಂಡಿದೆ, ಭಾರತದಲ್ಲೂ ಕಂಡಿದೆ. ಔಷಧಿ ಕುಡಿಸಿದ ಮೇಲೂ ಮೊಟ್ಟೆ ಬರುತ್ತಿದ್ದರೆ, ಉಳಿದುಕೊಂಡ ಹುಳು ಯಾವುದು ಎಂದು ತಿಳಿಯದೆ ಮುಂದಿನ ಔಷಧಿ ಆರಿಸಲಾಗದು.

ಒಂದು ವಯಸ್ಕ ಹೀಮಾಂಕಸ್ ದಿನಕ್ಕೆ ಸುಮಾರು 0.05 ಮಿ.ಲೀ ರಕ್ತ ಕಳೆಯುತ್ತದೆ. 5,000 ಹುಳು ಇದ್ದರೆ ದಿನಕ್ಕೆ 250 ಮಿ.ಲೀ. ಟ್ರೈಕೊಸ್ಟ್ರಾಂಜೈಲಸ್ ಹಾಗಲ್ಲ, ರಕ್ತ ಹೀರದೆ ಕರುಳಿನ ಒಳಪದರ ಕೆಡಿಸಿ ಭೇದಿ ಹಿಡಿಸುತ್ತದೆ, ಮೈ ಇಳಿಸುತ್ತದೆ. ಎರಡಕ್ಕೂ ಒಂದೇ ಮಾತು ಹೇಳುವುದು ಸರಿಯಲ್ಲ.

ಹಿಕ್ಕೆಯ ಮೇಲೆ ಬಿಳಿ ತುಂಡುಗಳು ಕಾಣುತ್ತವೆ. ಅದು ದುಂಡುಹುಳುವೇ?

ಅಲ್ಲ. ಬೆಂದ ಅನ್ನದ ಅಗುಳಿನಂತೆ ಹಿಕ್ಕೆಗೆ ಅಂಟಿಕೊಂಡು ಬರುವುದು ಮೊನೀಜಿಯಾ ಎಂಬ ಲಾಡಿಹುಳುವಿನ ತುಂಡು. ಸಾಕುವವರ ಕಣ್ಣಿಗೆ ಮೊದಲು ಬೀಳುವುದು ಇದೇ, ಆದರೆ ಕುರಿಗೆ ಹೆಚ್ಚು ಕೇಡು ಮಾಡುವುದು ಕಣ್ಣಿಗೆ ಕಾಣದೆ ಒಳಗೇ ಇರುವ ದುಂಡುಹುಳು.

ದುಂಡುಹುಳುವಿಗೆ ಗೆಣ್ಣು ಇರುವುದಿಲ್ಲ, ಚಪ್ಪಟೆಯೂ ಇರುವುದಿಲ್ಲ. ಮೈ ಉರುಟು, ಎರಡೂ ಕೊನೆ ಸಪೂರ, ಒಳಗೆ ಬಾಯಿಂದ ಗುದದವರೆಗೆ ನೇರ ಕೊಳವೆಯಂಥ ಕರುಳು, ಗಂಡು ಹೆಣ್ಣು ಬೇರೆ ಬೇರೆ. ಎಲೆಯಂತೆ ಚಪ್ಪಟೆಯಾಗಿ ಪಿತ್ತನಾಳದಲ್ಲಿ ಸಿಗುವುದು ಫ್ಯಾಸಿಯೋಲಾ. ಮೂಗಿನಿಂದ ಸೀನಿ ಬಿದ್ದ, ಗೆಣ್ಣು ಗೆಣ್ಣಾದ, ಬಾಯಲ್ಲಿ ಎರಡು ಕಪ್ಪು ಕೊಕ್ಕೆ ಇರುವ ದಪ್ಪ ಹುಳು ಈಸ್ಟ್ರಸ್ ಓವಿಸ್ ನೊಣದ ಮರಿ. ಸತ್ತ ಕುರಿಯ ಹೊಟ್ಟೆ ತೊಳೆದಾಗ ನಾರು, ಕೂದಲು, ಹುಲ್ಲಿನ ಎಳೆ ಕೂಡ ಹುಳುವಿನಂತೆ ಕಾಣುತ್ತವೆ. ಅನುಮಾನ ಬಂದರೆ ಒಂದು ತೊಟ್ಟು ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ನಾರಿನಲ್ಲಿ ಗಿಡದ ಕೋಶಗಳ ಗೋಡೆ ಸಾಲಾಗಿ ಕಾಣುತ್ತದೆ, ಹುಳುವಿನಲ್ಲಿ ಅನ್ನನಾಳ ಕಾಣುತ್ತದೆ.

ಹುಳು ಸಿಕ್ಕಿದ ಜಾಗ ಅಷ್ಟು ಮುಖ್ಯವೇ?

ಮುಖ್ಯ. ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟರೆ ಅರ್ಧ ಗುರುತು ಮುಗಿದಂತೆ. ನಾಲ್ಕನೇ ಹೊಟ್ಟೆ, ಅಂದರೆ ಅಬೊಮೇಸಂನಲ್ಲಿ ಹೀಮಾಂಕಸ್ ಮತ್ತು ಟ್ರೈಕೊಸ್ಟ್ರಾಂಜೈಲಸ್ ಆಕ್ಸೈ. ಸಣ್ಣಕರುಳಿನ ಮೊದಲ ಕೆಲವು ಮೀಟರುಗಳಲ್ಲಿ ಟ್ರೈಕೊಸ್ಟ್ರಾಂಜೈಲಸ್ ಕೊಲುಬ್ರಿಫಾರ್ಮಿಸ್, ಕೂಪೇರಿಯಾ, ಸ್ಟ್ರಾಂಜಿಲಾಯ್ಡಿಸ್, ಕೊಕ್ಕೆಹುಳುಗಳು. ಸೀಕಂನಲ್ಲಿ, ಅಂದರೆ ದೊಡ್ಡಕರುಳು ಶುರುವಾಗುವ ಕಡೆಯ ಕುರುಡು ಚೀಲದಲ್ಲಿ, ಚಾಟಿಹುಳು. ಅದರ ಮುಂದಿನ ದೊಡ್ಡಕರುಳಲ್ಲಿ ಈಸೊಫ್ಯಾಗೊಸ್ಟೋಮಂ, ಅಪರೂಪಕ್ಕೆ ಚಬರ್ಷಿಯಾ.

ಆದರೆ ಒಂದು ಷರತ್ತು ಇದೆ. ಕುರಿ ಸತ್ತು ಹೊತ್ತಾದರೆ ಹುಳುಗಳು ಜಾಗ ಬಿಟ್ಟು ಹರಿಯುತ್ತವೆ, ಅಬೊಮೇಸಂನ ಹುಳು ಸಣ್ಣಕರುಳಲ್ಲಿ ಸಿಗುತ್ತದೆ. ಹಾಗಾಗಿ ಹೊಟ್ಟೆ ಸೀಳಿದ ಕೂಡಲೇ ಅಬೊಮೇಸಂನ ಎರಡೂ ಬಾಯಿಯನ್ನು, ಸಣ್ಣಕರುಳಿನ ಎರಡೂ ಕೊನೆಯನ್ನು ದಾರದಿಂದ ಬಿಗಿಯಾಗಿ ಕಟ್ಟಿ ಆಮೇಲೆ ಬೇರ್ಪಡಿಸಬೇಕು. ಕಟ್ಟದೆ ಒಂದೇ ಬಕೆಟ್ಟಿಗೆ ಸುರಿದರೆ ಆಮೇಲೆ ಎಂಥ ನಿಪುಣರೂ ಹೇಳಲಾರರು.

ಹುಳು ಸಂಗ್ರಹಿಸಲು ಯಾವ ಕಾಲ ಒಳ್ಳೆಯದು?

ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಊರೆಲ್ಲ ಕುರಿ ಕೊಯ್ಯುತ್ತಾರೆ, ಹೊಟ್ಟೆ, ಕರುಳು ಧಾರಾಳವಾಗಿ ಸಿಗುತ್ತವೆ. ಆದರೆ ಅದು ಬಿಸಿಲ ಕಾಲ. ಹುಲ್ಲಿನ ಮೇಲಿನ ಮರಿಹುಳುಗಳು ಒಣಗಿ ಸತ್ತಿರುತ್ತವೆ, ಹೊಟ್ಟೆಯಲ್ಲೂ ಹುಳು ಕಡಿಮೆ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪಕ್ಷದ ಹಬ್ಬದಿಂದ ದೀಪಾವಳಿಯವರೆಗೆ ಕೊಯ್ದ ಕುರಿಯಲ್ಲಿ, ಅದರಲ್ಲೂ ಕೆರೆಯಂಗಳದ ಹಸಿಹುಲ್ಲು ಮೇದ ಮರಿಗಳಲ್ಲಿ, ಹೀಮಾಂಕಸ್ ಚೆನ್ನಾಗಿ ಸಿಗುತ್ತದೆ. ಬೇಸಗೆಯಲ್ಲಿ ನೋಡಿ ಹುಳುವಿಲ್ಲ ಎಂದು ತೀರ್ಮಾನಿಸಬೇಡಿ.

ಹೊಟ್ಟೆಯಿಂದ ಹುಳು ತೆಗೆಯುವ ಕ್ರಮ ಹೇಳಿ.

ಅಬೊಮೇಸಂ ಅನ್ನು ಅದರ ಉಬ್ಬಿದ ಅಂಚಿನುದ್ದಕ್ಕೂ ಕತ್ತರಿಯಿಂದ ಸೀಳಿ ಬಕೆಟ್ಟಿನೊಳಗೆ ಬಿಡಿಸಿ. ಒಳಪದರದ ಮಡಿಕೆಗಳ ಮಧ್ಯೆ ಹುಳು ಅಂಟಿರುತ್ತವೆ, ಬೆರಳಿನಿಂದ ಮೆಲ್ಲಗೆ ಸವರಿ ತೊಳೆಯಿರಿ. ತೊಳೆದ ನೀರು, ಒಳಗಿದ್ದ ಸರಕು ಎರಡೂ ಸೇರಿ 2 ಲೀಟರ್‌ಗೆ ತನ್ನಿ. ಕೈಯಿಂದ ಮೇಲೆ ಕೆಳಗೆ ಚೆನ್ನಾಗಿ ಕಲಕುತ್ತ, ತಿರುಗುವ ಸುಳಿ ಬಾರದಂತೆ, 200 ಮಿ.ಲೀ ತೆಗೆಯಿರಿ. ಸುಳಿ ಬಂದರೆ ಹುಳುಗಳೆಲ್ಲ ಒಂದೆಡೆ ಸೇರಿ ಲೆಕ್ಕ ತಪ್ಪುತ್ತದೆ. ಆ 200 ಮಿ.ಲೀ.ಯನ್ನು 75 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಕಪ್ಪು ತಳದ ತಟ್ಟೆಗೆ ಸ್ವಲ್ಪ ಸ್ವಲ್ಪವೇ ಹಾಕಿ ಎಣಿಸಿ, 10ರಿಂದ ಗುಣಿಸಿ. 150 ಮೈಕ್ರಾನ್ ಜರಡಿಯೂ ನಡೆಯುತ್ತದೆ, ಆದರೆ ಕೂದಲೆಳೆಯಷ್ಟು ಸಣ್ಣ ಟ್ರೈಕೊಸ್ಟ್ರಾಂಜೈಲಸ್‌ಗಳಲ್ಲಿ ಕೆಲವು ಜಾರಿ ಹೋಗುತ್ತವೆ.

ಸರಕಿನ ಬಣ್ಣದಲ್ಲಿ ಸಣ್ಣ ಹುಳು ಕಾಣದಿದ್ದರೆ ಅಯೋಡಿನ್ ಹಾಕಿ ಎಲ್ಲವೂ ಕಂದಾಗುವವರೆಗೆ ಬಿಡಿ, ಆಮೇಲೆ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಬೆರೆಸಿ. ಹುಲ್ಲು, ಸರಕು ಬಿಳಿಚಿಕೊಳ್ಳುತ್ತವೆ, ಹುಳು ಮಾತ್ರ ಸ್ವಲ್ಪ ಹೊತ್ತು ಕಂದಾಗಿಯೇ ಉಳಿಯುತ್ತದೆ.

ನೀರಿಗೆ ಹಾಕಿದ ಹುಳು ಒಡೆದುಹೋಯಿತು. ಸ್ಪಿರಿಟ್‌ಗೆ ಹಾಕಿದ್ದು ಸುರುಳಿ ಸುತ್ತಿಕೊಂಡಿತು. ಯಾಕೆ?

ಬರೀ ನಲ್ಲಿ ನೀರಿನಲ್ಲಿ ಹೆಚ್ಚು ಹೊತ್ತು ಇಟ್ಟರೆ ನೀರು ಮೈಯೊಳಗೆ ನುಗ್ಗಿ ಹುಳು ಉಬ್ಬಿ ಒಡೆಯುತ್ತದೆ, ಗರ್ಭಕೋಶ ಹೊರಗೆ ಬರುತ್ತದೆ. ತೊಳೆಯಲು 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿದ ನೀರು ಬಳಸಿ. ಅದರಲ್ಲಿ ಒಂದು ಗಂಟೆ ಬಿಟ್ಟರೆ ಮೈಗೆ ಅಂಟಿದ ಲೋಳೆಯೂ ಬಿಡುತ್ತದೆ.

ತಣ್ಣನೆಯ ಸ್ಪಿರಿಟ್‌ಗೆ ಜೀವಂತ ಹುಳು ಹಾಕಿದರೆ ಅದು ಮುರುಟಿಕೊಂಡು ಸಾಯುತ್ತದೆ, ಬಾಲದ ರಚನೆ ಎಂದಿಗೂ ಸರಿಯಾಗಿ ಕಾಣದು. ನೂರಕ್ಕೆ 70 ಭಾಗದ ಆಲ್ಕೋಹಾಲನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಿ ಹುಳುವನ್ನು ಅದಕ್ಕೆ ಹಾಕಿ, ತಕ್ಷಣ ನೆಟ್ಟಗಾಗಿ ಸಾಯುತ್ತದೆ. ಬಿಸಿ ಮಾಡುವುದು ಬಿಸಿನೀರಿನ ಪಾತ್ರೆಯೊಳಗೆ ಶೀಶೆ ಇಟ್ಟು, ಒಲೆಯ ಉರಿಯ ಮೇಲೆ ಯಾವತ್ತೂ ಅಲ್ಲ. ಅದರ ಆವಿಗೆ ಬೆಂಕಿ ಹತ್ತುತ್ತದೆ. 95 ಭಾಗದ ಸ್ಪಿರಿಟ್ ಇದ್ದರೆ 74 ಮಿ.ಲೀ.ಗೆ 26 ಮಿ.ಲೀ ನೀರು ಸೇರಿಸಿದರೆ 70 ಭಾಗಕ್ಕೆ ಬರುತ್ತದೆ. ಅದಕ್ಕೆ 5 ಮಿ.ಲೀ ಗ್ಲಿಸರಿನ್ ಹಾಕಿಟ್ಟರೆ, ಶೀಶೆ ಒಣಗಿದರೂ ಹುಳು ಒಣಗದು.

ಸೂಕ್ಷ್ಮದರ್ಶಕದಲ್ಲಿ ಹುಳು ಬರೀ ಕಪ್ಪಾಗಿ ಕಾಣುತ್ತದೆ, ಒಳಗಿನದು ಏನೂ ಕಾಣುವುದಿಲ್ಲ.

ಮೊದಲು ಅದನ್ನು ತಿಳಿಯಾಗಿಸಬೇಕು. ಫೀನಾಲ್ 1 ಭಾಗ, ಲ್ಯಾಕ್ಟಿಕ್ ಆಮ್ಲ 1, ಗ್ಲಿಸರಿನ್ 2, ನೀರು 1, ಇಷ್ಟು ಬೆರೆಸಿದರೆ ಲ್ಯಾಕ್ಟೋಫೀನಾಲ್. ಸ್ಲೈಡಿನ ಮೇಲೆ ಎರಡು ತೊಟ್ಟು ಹಾಕಿ, ಹುಳು ಇಟ್ಟು, ಕವರ್‌ಸ್ಲಿಪ್ ಮುಚ್ಚಿ. ಟ್ರೈಕೊಸ್ಟ್ರಾಂಜೈಲಸ್‌ನಂಥ ಸಣ್ಣ ಹುಳು ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ, ಹೀಮಾಂಕಸ್‌ಗೆ ಕೆಲವು ಗಂಟೆ, ಕೊಕ್ಕೆಹುಳು, ಈಸೊಫ್ಯಾಗೊಸ್ಟೋಮಂಗೆ ಒಂದು ರಾತ್ರಿ ಬೇಕು. ಫೀನಾಲ್ ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು. ಫೀನಾಲ್ ಸಿಗದಿದ್ದರೆ ಆಲ್ಕೋಹಾಲ್, ಗ್ಲಿಸರಿನ್ ಮಿಶ್ರಣದಲ್ಲಿ ಹುಳು ಹಾಕಿ ಮುಚ್ಚಳ ಸಡಿಲ ಬಿಡಿ. ಕೆಲವು ದಿನಗಳಲ್ಲಿ ಆಲ್ಕೋಹಾಲ್ ಹಾರಿ ಗ್ಲಿಸರಿನ್‌ನಲ್ಲೇ ಹುಳು ತಿಳಿಯಾಗಿರುತ್ತದೆ. ಹೊತ್ತು ಹಿಡಿಯುತ್ತದೆ, ಕೆಲಸ ಮಾತ್ರ ಚೊಕ್ಕ.

ಅತಿ ಹೆಚ್ಚು ತಿಳಿಯಾದರೂ ಕಷ್ಟ. ಬಾಲದ ತೆಳು ಪೊರೆ ಕಾಣದೇ ಹೋಗುತ್ತದೆ. ಆಗ ಬೆಳಕು ತಗ್ಗಿಸಿ, ಕಂಡೆನ್ಸರ್, ಅಂದರೆ ಸ್ಲೈಡಿನ ಕೆಳಗಿನ ಬೆಳಕು ಕೂಡಿಸುವ ಮಸೂರ, ಕೆಳಗಿಳಿಸಿ ನೋಡಿ.

ಗಂಡು ಹುಳುವನ್ನೇ ನೋಡಿ ಎಂದು ಯಾಕೆ ಒತ್ತಿ ಹೇಳುತ್ತಾರೆ?

ಕುಲದ ತನಕ, ಅಂದರೆ ಹೀಮಾಂಕಸ್ ಎಂಬಂಥ ಮೊದಲ ಹೆಸರಿನ ತನಕ, ಹೆಣ್ಣು ಹುಳು ಸಾಕು. ಜಾತಿಯನ್ನು ಬಿಡಿಸುವುದು ಗಂಡಿನ ಬಾಲ. ಈ ಗುಂಪಿನ ಗಂಡಿನ ಬಾಲದ ತುದಿ ಅಗಲವಾಗಿ ಹರಡಿರುತ್ತದೆ, ಇದಕ್ಕೆ ಬರ್ಸಾ ಎನ್ನುತ್ತಾರೆ. ಬರ್ಸಾದೊಳಗೆ ಕಡ್ಡಿಗಳಂತೆ ಚಾಚಿದ ರೇಗಳು, ಅವುಗಳ ಮುಂದೆ ಹೆಣ್ಣನ್ನು ಕೂಡುವಾಗ ಬಳಸುವ, ಕಂದು ಬಣ್ಣದ ಎರಡು ಗಟ್ಟಿ ಸ್ಪಿಕ್ಯೂಲ್‌ಗಳು. ಸ್ಪಿಕ್ಯೂಲ್‌ನ ಉದ್ದ, ತುದಿಯ ಆಕಾರ, ಎರಡೂ ಸಮವೋ ಅಲ್ಲವೋ ಎಂಬುದು ಒಂದು ಜಾತಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಹುಳುವಿನ ಒಟ್ಟು ಉದ್ದ ಹಾಗಲ್ಲ. ವಯಸ್ಸು, ಎಷ್ಟು ಹುಳು ಒಟ್ಟಿಗಿವೆ, ಆಶ್ರಯ ಕೊಟ್ಟದ್ದು ಕುರಿಯೋ ಮೇಕೆಯೋ ಎಂಬುದರ ಮೇಲೆ ಏರುಪೇರಾಗುತ್ತದೆ.

ಹುಳು ಪಕ್ಕಕ್ಕೆ ಮಲಗಿದ್ದರೆ ಸ್ಪಿಕ್ಯೂಲ್‌ಗಳು ಒಂದರ ಮೇಲೊಂದು ಬಿದ್ದು ಒಂದೇ ಇದ್ದಂತೆ ಕಾಣುತ್ತವೆ. ಕವರ್‌ಸ್ಲಿಪ್ಪನ್ನು ಸೂಜಿಯಿಂದ ಒಂದು ಕೂದಲಷ್ಟು ಸರಿಸಿ, ಹುಳು ಹೊರಳುತ್ತದೆ, ಎರಡೂ ಬಿಡಿಯಾಗಿ ಕಾಣುತ್ತವೆ. ಒಂದು ಜಾಗದಿಂದ ಕನಿಷ್ಠ 10 ಗಂಡಾದರೂ ನೋಡದೆ ಒಂದೇ ಜಾತಿ ಇದೆ ಎನ್ನಬೇಡಿ, ಬೆರಕೆ ಇರುವುದೇ ಹೆಚ್ಚು.

ಹೀಮಾಂಕಸ್ ಕಂಟಾರ್ಟಸ್ ಅನ್ನು ಖಚಿತವಾಗಿ ಗುರುತಿಸುವುದು ಹೇಗೆ?

ತಾಜಾ ಹೆಣ್ಣು ಹುಳುವನ್ನು ಬರಿಗಣ್ಣಲ್ಲೇ ಹೇಳಬಹುದು. ಉದ್ದ 18ರಿಂದ 30 ಮಿ.ಮೀ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಹೆಣೆದುಕೊಂಡಿರುತ್ತದೆ, ಹಾಗಾಗಿ ಕೆಂಪು ಬಿಳಿ ಪಟ್ಟೆ ತಿರುಚಿದಂತೆ ಕಾಣುತ್ತದೆ. ಗಂಡು 10ರಿಂದ 20 ಮಿ.ಮೀ, ಒಂದೇ ಸಮ ಕೆಂಪು. ಸ್ಪಿರಿಟ್‌ನಲ್ಲಿಟ್ಟ ಹುಳುವಿನಲ್ಲಿ ಈ ಬಣ್ಣ ಉಳಿಯದು, ಕೆಂಪು ಕಂದಾಗಿ ಮಾಸುತ್ತದೆ. ಬಣ್ಣ ನಂಬಿ ಕಲಿತವರು ಹಳೆಯ ಮಾದರಿ ಕಂಡು ತಬ್ಬಿಬ್ಬಾಗುವುದು ಇದಕ್ಕೇ.

ಸೂಕ್ಷ್ಮದರ್ಶಕದಲ್ಲಿ ಮೂರು ಕಡೆ ನೋಡಿ. ತಲೆ: ಬಾಯಿ ಬಹಳ ಸಣ್ಣದು, ಒಳಗೆ ಒಂದೇ ಒಂದು ಚೂಪು ಹಲ್ಲು. ತಲೆಯಿಂದ ಸ್ವಲ್ಪ ಹಿಂದೆ ಎರಡೂ ಪಕ್ಕ ಮುಳ್ಳಿನಂತೆ ಎದ್ದ ಕತ್ತಿನ ಪ್ಯಾಪಿಲಾಗಳು, ಇವು ಈ ಕುಲದಲ್ಲಿ ಎದ್ದು ಕಾಣುತ್ತವೆ. ಗಂಡಿನ ಬಾಲ: ಬರ್ಸಾದ ಬೆನ್ನಿನ ಸಣ್ಣ ಹಾಲೆ ನಡುವೆ ಇರದೆ ಒಂದು ಪಕ್ಕಕ್ಕೆ ಕೂತಿರುತ್ತದೆ, ಅದರೊಳಗಿನ ರೇ ತಲೆಕೆಳಗಾದ ವೈ ಅಕ್ಷರದಂತೆ ಕವಲೊಡೆದಿರುತ್ತದೆ. ಬೇರೇನೂ ಕಾಣದಿದ್ದರೂ ಇದೊಂದು ಕಂಡರೆ ಹೀಮಾಂಕಸ್ ಎಂದು ಬರೆಯಬಹುದು. ಸ್ಪಿಕ್ಯೂಲ್ 0.4ರಿಂದ 0.5 ಮಿ.ಮೀ, ತುದಿಯ ಬಳಿ ಸಣ್ಣ ಮುಳ್ಳು. ಹೆಣ್ಣು: ಯೋನಿದ್ವಾರದ ಮೇಲೆ ನಾಲಿಗೆಯಂಥ ಮಡಿಕೆ, ಕೆಲವದರಲ್ಲಿ ಬರೀ ಗುಂಡು ಉಬ್ಬು, ಕೆಲವದರಲ್ಲಿ ಏನೂ ಇಲ್ಲ. ಮೂರೂ ಬಗೆ ಒಂದೇ ಜಾತಿಯಲ್ಲಿ ಬರುತ್ತವೆ, ಮಡಿಕೆ ಇಲ್ಲವೆಂದು ಬೇರೆ ಜಾತಿ ಎನ್ನಬೇಡಿ.

ಹಸು, ಕುರಿ ಒಟ್ಟಿಗೆ ಮೇಯುತ್ತವೆ. ಹಸುವಿನ ಹೀಮಾಂಕಸ್ ಕುರಿಗೆ ಬರುತ್ತದೆಯೇ?

ಬರಬಹುದು. ಹಸುವಿನದು ಹೀಮಾಂಕಸ್ ಪ್ಲೇಸಿ. ಅದರ ಸ್ಪಿಕ್ಯೂಲ್ ಸರಾಸರಿಯಲ್ಲಿ ಸ್ವಲ್ಪ ಉದ್ದ, ತುದಿಯಿಂದ ಮುಳ್ಳಿಗೆ ಇರುವ ದೂರವೂ ಹೆಚ್ಚು, ಆದರೆ ಎರಡು ಜಾತಿಯ ಅಳತೆಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಒಂಟಿ ಹುಳುವನ್ನು ಅಳತೆಯಿಂದ ಬಿಡಿಸುವುದು ನಂಬಿಕೆಗೆ ಅರ್ಹವಲ್ಲ. ಅದಕ್ಕೆ ಡಿಎನ್ಎಯ ಐಟಿಎಸ್-2 ಭಾಗವನ್ನೇ ಓದಿಸಬೇಕು. ಸಾಕುವವರ ಕೆಲಸಕ್ಕೆ ಹೀಮಾಂಕಸ್ ಎಂದು ತಿಳಿದರೆ ಸಾಕು.

ಕೂದಲಿನಷ್ಟು ಸಣ್ಣ ಹುಳುಗಳಿವೆ. ಅವು ಹೀಮಾಂಕಸ್ ಮರಿಗಳೋ ಬೇರೆಯೋ?

10 ಮಿ.ಮೀ.ಗಿಂತ ಗಿಡ್ಡ, ಮೊಟ್ಟೆ ಇರುವ ಹೆಣ್ಣು ಸಿಕ್ಕಿದರೆ ಅದು ಮರಿಯಲ್ಲ, ಬೇರೆ ಹುಳು. ಟ್ರೈಕೊಸ್ಟ್ರಾಂಜೈಲಸ್ ಗಂಡು 4ರಿಂದ 7, ಹೆಣ್ಣು 5ರಿಂದ 8 ಮಿ.ಮೀ. ಬಾಯಿಚೀಲ ಇಲ್ಲ, ಕತ್ತಿನ ಪ್ಯಾಪಿಲಾ ಇಲ್ಲ, ಅನ್ನನಾಳದ ಪಕ್ಕ ಮೈಯಲ್ಲಿ ಒಂದು ಸಣ್ಣ ಕಚ್ಚು ಮಾತ್ರ ಕಾಣುತ್ತದೆ, ಅದು ವಿಸರ್ಜನಾ ರಂಧ್ರ.

ಜಾತಿಗೆ ಸ್ಪಿಕ್ಯೂಲ್. ಕೊಲುಬ್ರಿಫಾರ್ಮಿಸ್‌ನಲ್ಲಿ ಎರಡೂ ಸಮ, ಸುಮಾರು 0.14ರಿಂದ 0.16 ಮಿ.ಮೀ, ದಪ್ಪ, ತುದಿಯ ಬಳಿ ಮೆಟ್ಟಿಲು ಇಳಿದಂತೆ ಕಚ್ಚು. ವಿಟ್ರಿನಸ್‌ನಲ್ಲಿ ಸಮವೇ, ಆದರೆ ಕಚ್ಚಿಲ್ಲದೆ ನೇರ ಚೂಪು. ಆಕ್ಸೈಯಲ್ಲಿ ಒಂದು ಉದ್ದ ಒಂದು ಗಿಡ್ಡ, ಅದು ಸಿಗುವುದೂ ಅಬೊಮೇಸಂನಲ್ಲಿ. ಸಣ್ಣಕರುಳಲ್ಲಿ ಇಷ್ಟೇ ಗಾತ್ರದ, ಆದರೆ ತಲೆ ಉಬ್ಬಿದ, ಕ್ಯುಟಿಕಲ್, ಅಂದರೆ ಮೈಯ ಹೊರಪದರದ ಮೇಲೆ ಅಡ್ಡಗೆರೆಗಳಿರುವ ಹುಳು ಕಂಡರೆ ಕೂಪೇರಿಯಾ. ಅನ್ನನಾಳವೇ ಮೈಯ ಮೂರನೇ ಒಂದು ಭಾಗದವರೆಗೂ ಉದ್ದವಿದ್ದು, ಗಂಡು ಒಂದೂ ಸಿಗದಿದ್ದರೆ ಸ್ಟ್ರಾಂಜಿಲಾಯ್ಡಿಸ್ ಪ್ಯಾಪಿಲೋಸಸ್, ಅದರಲ್ಲಿ ಪರಾವಲಂಬಿಯಾಗಿ ಬದುಕುವುದು ಹೆಣ್ಣು ಮಾತ್ರ.

ಬೋಟಿ ತೊಳೆಯುವಾಗ ಕರುಳಿನ ತುಂಬ ಗಂಟು. ಒಳಗೆ ಹುಳು ಮಾತ್ರ ಇಲ್ಲ. ಇದೇನು?

ಈಸೊಫ್ಯಾಗೊಸ್ಟೋಮಂ ಕೊಲಂಬಿಯಾನಂ ಮಾಡಿದ ಗಂಟು. ಅಂಗಡಿಯವರು ಇಂಥ ಬೋಟಿಯನ್ನು ಬಿಸಾಡುತ್ತಾರೆ. ಮರಿಹುಳು ಕರುಳಿನ ಗೋಡೆ ಹೊಕ್ಕಾಗ ಕುರಿಯ ಮೈ ಅದನ್ನು ಸುತ್ತುಗಟ್ಟುತ್ತದೆ, ಒಳಗೆ ಹಸಿರು ಮಿಶ್ರಿತ ಕೀವು ಕೂಡುತ್ತದೆ, ಹಳೆಯದಾದರೆ ಸುಣ್ಣಗಟ್ಟಿ ಚಾಕುವಿಗೆ ಕರಕರ ತಾಗುತ್ತದೆ. ಗಂಟು ಸಣ್ಣಕರುಳಲ್ಲೂ ದೊಡ್ಡಕರುಳಲ್ಲೂ ಇರುತ್ತದೆ, ಬೆಳೆದ ಹುಳು ದೊಡ್ಡಕರುಳಲ್ಲಿ ಮಾತ್ರ. ಗಂಟು ಹೆಚ್ಚಿದ್ದ ಕಡೆ ಬೆಳೆದ ಹುಳು ಕಡಿಮೆ ಇರುವುದು ಸಾಮಾನ್ಯ.

ಹುಳು ಸಿಕ್ಕಿದರೆ: 12ರಿಂದ 21 ಮಿ.ಮೀ, ಬಿಳಿ, ತಲೆ ಕೊಕ್ಕೆಯಂತೆ ಬಾಗಿರುತ್ತದೆ. ಕತ್ತಿನ ಎರಡೂ ಪಕ್ಕ ಅಗಲವಾದ ರೆಕ್ಕೆಪೊರೆ, ಆ ಪೊರೆಯನ್ನು ಚುಚ್ಚಿಕೊಂಡು ಹೊರಬಂದ ಪ್ಯಾಪಿಲಾ, ಬಾಯಿಯ ಸುತ್ತ ಎಲೆಯಾಕಾರದ ಹಲ್ಲುಸಾಲು. ಇದರ ದಾಯಾದಿ ವೆನುಲೋಸಂಗೆ ಈ ಅಗಲ ರೆಕ್ಕೆ ಇಲ್ಲ, ಪ್ಯಾಪಿಲಾಗಳು ಅನ್ನನಾಳ ಮುಗಿದ ಮೇಲೆ ಹಿಂದೆ ಇರುತ್ತವೆ. ಸ್ಪಿಕ್ಯೂಲ್ ಅಳೆದರೆ ಅನುಮಾನವೇ ಉಳಿಯದು, ಕೊಲಂಬಿಯಾನಂನಲ್ಲಿ 0.77ರಿಂದ 0.86 ಮಿ.ಮೀ, ವೆನುಲೋಸಂನಲ್ಲಿ 1.1ರಿಂದ 1.5.

ಚಬರ್ಷಿಯಾ ಓವಿನಾ ಕೂಡ ಇದೇ ಗಾತ್ರದ್ದು, ಇದೇ ಜಾಗದ್ದು. ಅದರ ಬಾಯಿಚೀಲ ಅಗಲ, ಕೆಳಮುಖ, ಒಳಗೆ ಹಲ್ಲಿಲ್ಲ.

ಕೊಕ್ಕೆಹುಳು ಒಂದೇ ಬಗೆಯೇ?

ಕುರಿ, ಮೇಕೆಯಲ್ಲಿ ಮುಖ್ಯವಾಗಿ ಬ್ಯೂನೊಸ್ಟೋಮಂ ಟ್ರೈಗೊನೊಸೆಫಾಲಂ. ಗಂಡು 12ರಿಂದ 17, ಹೆಣ್ಣು 19ರಿಂದ 26 ಮಿ.ಮೀ, ದಪ್ಪ ಮೈ, ತಲೆ ಬೆನ್ನಿನ ಕಡೆ ಬಾಗಿರುತ್ತದೆ, ಬಾಯಂಚಿನಲ್ಲಿ ಕತ್ತರಿಸುವ ತಟ್ಟೆಗಳು. ಹಸುವಿನ ಬ್ಯೂನೊಸ್ಟೋಮಂ ಫ್ಲೆಬೊಟೋಮಂ ಜೊತೆ ಗೊಂದಲವಾದರೆ ಗಂಡನ್ನು ನೋಡಿ. ಕುರಿಯದರ ಸ್ಪಿಕ್ಯೂಲ್ 0.6 ಮಿ.ಮೀ ಆಸುಪಾಸು, ಹಸುವಿನದು 3.5ರಿಂದ 4 ಮಿ.ಮೀ, ಭೂತಗನ್ನಡಿಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ಡ್ಯೂಡಿನಂನಲ್ಲಿ, ಅಂದರೆ ಸಣ್ಣಕರುಳಿನ ಮೊದಲ ಭಾಗದಲ್ಲಿ, ಇನ್ನೂ ದೊಡ್ಡದು, ಹೆಣ್ಣು 30 ಮಿ.ಮೀ ತನಕ ಬೆಳೆದದ್ದು ಸಿಕ್ಕಿದರೆ ಗೈಜೀರಿಯಾ ಪ್ಯಾಕಿಸೆಲಿಸ್ ಇರಬಹುದು, ಅದರ ಸ್ಪಿಕ್ಯೂಲ್ 1.25 ಮಿ.ಮೀ ಮೇಲೆ, ತುದಿ ಹಿಂದಕ್ಕೆ ಮಡಚಿರುತ್ತದೆ.

ಚಾಟಿಹುಳು ಗುರುತು ಸುಲಭ. ಆದರೆ ಓವಿಸ್ ಮತ್ತು ಗ್ಲೋಬುಲೋಸಾ?

ಟ್ರೈಕ್ಯೂರಿಸ್‌ನ ಮುಂಭಾಗ ದಾರದಂತೆ ಸಪೂರ, ಹಿಂಭಾಗ ದಪ್ಪ, ಒಟ್ಟು 35ರಿಂದ 80 ಮಿ.ಮೀ. ಸಪೂರ ಭಾಗವೇ ತಲೆ ಎಂಬುದನ್ನು ಮರೆಯಬೇಡಿ. ಅದು ಸೀಕಂನ ಗೋಡೆಯೊಳಗೆ ಹೊಕ್ಕಿರುತ್ತದೆ, ಎಳೆದರೆ ತುಂಡಾಗುತ್ತದೆ, ಉಪ್ಪುನೀರಲ್ಲಿ ನೆನೆಸಿ ಬಿಡಿಸಬೇಕು. ಗಂಡಿನ ಬಾಲ ಸುರುಳಿ. ಸ್ಪಿಕ್ಯೂಲ್ ಒಂದೇ, ಮುಳ್ಳಿನ ಕವಚದೊಳಗೆ. ಕವಚ ಹೊರಚಾಚಿದಾಗ ಅದರ ತುದಿಯಲ್ಲೇ ಗುಂಡಾದ ಉಬ್ಬು, ಉಬ್ಬಿನ ಮೇಲೆ ದೊಡ್ಡ ಮುಳ್ಳು ಇದ್ದರೆ ಗ್ಲೋಬುಲೋಸಾ. ಉಬ್ಬು ಉದ್ದುದ್ದವಾಗಿ, ತುದಿಯಿಂದ ಸ್ವಲ್ಪ ಹಿಂದೆ ಇದ್ದರೆ ಓವಿಸ್. ಕವಚ ಒಳಗೇ ಇದ್ದ ಹುಳುವಿನಲ್ಲಿ ಜಾತಿ ಹೇಳಬೇಡಿ, ಇನ್ನೊಂದು ಗಂಡು ಹುಡುಕಿ.

ಹೊಟ್ಟೆ, ಕರುಳಿನ ಹೊರಗೆ ಸಿಗುವ ದುಂಡುಹುಳುಗಳು?

ಶ್ವಾಸನಾಳದಲ್ಲಿ ಹಾಲುಬಿಳುಪಿನ, 3ರಿಂದ 10 ಸೆಂ.ಮೀ ಹುಳು ಡಿಕ್ಟಿಯೊಕಾಲಸ್ ಫೈಲೇರಿಯಾ, ಸ್ಪಿಕ್ಯೂಲ್ ಕಪ್ಪು ಕಂದು, ಬೂಟಿನಾಕಾರ. ಅನ್ನನಾಳದ ಒಳಪದರದಲ್ಲಿ ಅಂಕುಡೊಂಕಾಗಿ ಹೊಲಿಗೆ ಹಾಕಿದಂತೆ ಕೂತದ್ದು ಗಾಂಗೈಲೊನೆಮಾ, ತಲೆಯ ಕಡೆ ಕ್ಯುಟಿಕಲ್ ಮೇಲೆ ಉಬ್ಬುಗಳ ಸಾಲು. ಹಸು, ಎಮ್ಮೆಯ ಹೊಟ್ಟೆಯ ಪೊಳ್ಳಿನಲ್ಲಿ ಬಿಡಿಯಾಗಿ ಹರಿದಾಡುವ ಬಿಳಿ ಹುಳು ಸೆಟೇರಿಯಾ. ಹೆಣ್ಣಿನ ಬಾಲದ ತುದಿಯಲ್ಲಿ ನುಣುಪಾದ ಒಂದೇ ಗುಂಡಿಯಿದ್ದರೆ ಡಿಜಿಟೇಟಾ. ಸೊಳ್ಳೆಯಿಂದ ಇದರ ಮರಿ ಮೇಕೆಗೆ ಹೋದರೆ ಬೆನ್ನುಹುರಿ ಹೊಕ್ಕು ಹಿಂಗಾಲು ಬೀಳಿಸುತ್ತದೆ, ಆಗ ಹಿಕ್ಕೆಯಲ್ಲಿ ಏನು ಹುಡುಕಿದರೂ ಸಿಗದು.

ಹಿಕ್ಕೆಯಲ್ಲಿ ಮೊಟ್ಟೆ ನೋಡಿ ಜಾತಿ ಹೇಳಬಹುದೇ?

ಕೆಲವನ್ನು ಮಾತ್ರ. ಎರಡೂ ತುದಿಗೆ ಬಿರಡೆ ಇರುವ ಕಂದು ಮೊಟ್ಟೆ ಟ್ರೈಕ್ಯೂರಿಸ್. 40ರಿಂದ 60 ಮೈಕ್ರಾನ್‌ನ ತೆಳು ಚಿಪ್ಪು, ಒಳಗೆ ಆಗಲೇ ಹೊರಳುವ ಮರಿ ಇದ್ದರೆ ಸ್ಟ್ರಾಂಜಿಲಾಯ್ಡಿಸ್. 150 ಮೈಕ್ರಾನ್ ಮೀರಿದ ದೊಡ್ಡ ಮೊಟ್ಟೆ ಸಣ್ಣಕರುಳಿನ ಇನ್ನೊಂದು ದುಂಡುಹುಳು ನೆಮಟೊಡೈರಸ್‌ನದು. ಉಳಿದವು, ಅಂದರೆ ಹೀಮಾಂಕಸ್ 70ರಿಂದ 85, ಈಸೊಫ್ಯಾಗೊಸ್ಟೋಮಂ 73ರಿಂದ 89, ಟ್ರೈಕೊಸ್ಟ್ರಾಂಜೈಲಸ್ 79ರಿಂದ 101, ಕೊಕ್ಕೆಹುಳು 79ರಿಂದ 97 ಮೈಕ್ರಾನ್ ಉದ್ದ. ಈ ಅಂಕಿಗಳನ್ನು ನೋಡಿದರೇ ತಿಳಿಯುತ್ತದೆ, ಒಂದು 82 ಮೈಕ್ರಾನ್ ಮೊಟ್ಟೆ ನಾಲ್ಕರಲ್ಲಿ ಯಾವುದೂ ಆಗಿರಬಹುದು. ವರದಿಯಲ್ಲಿ ‘ಸ್ಟ್ರಾಂಜೈಲ್ ಬಗೆಯ ಮೊಟ್ಟೆ’ ಎಂದು ಬರೆಯುವುದೇ ಪ್ರಾಮಾಣಿಕ ಕೆಲಸ. ಹೀಮಾಂಕಸ್ ಎಂದು ಬರೆದರೆ ಅದು ಊಹೆ.

ಎಣಿಕೆಗೆ: 3 ಗ್ರಾಂ ಹಿಕ್ಕೆ ಪುಡಿಮಾಡಿ 42 ಮಿ.ಲೀ ನೀರಲ್ಲಿ ಕಲಸಿ ಸೋಸಿ, 15 ಮಿ.ಲೀ.ಯ ಕೊಳವೆಯಲ್ಲಿ ಹಾಕಿ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಮೇಲಿನ ನೀರು ಚೆಲ್ಲಿ, ಅಷ್ಟೇ ಪ್ರಮಾಣಕ್ಕೆ ಸಾಂದ್ರ ಉಪ್ಪು ದ್ರಾವಣ ತುಂಬಿ. ಮ್ಯಾಕ್‌ಮಾಸ್ಟರ್ ಎಂಬ ಎಣಿಕೆಯ ಸ್ಲೈಡಿನ ಎರಡೂ ಕೋಣೆಯ ಗೆರೆಯೊಳಗಿನ ಮೊಟ್ಟೆ ಕೂಡಿ 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಎಂದು ಬರುತ್ತದೆ. ಉಪ್ಪು ದ್ರಾವಣಕ್ಕೆ ತಳದಲ್ಲಿ ಕರಗದ ಉಪ್ಪು ಉಳಿಯುವಷ್ಟು ಹಾಕಿರಬೇಕು, ಲೀಟರಿಗೆ ಸುಮಾರು 400 ಗ್ರಾಂ. 5 ನಿಮಿಷ ಬಿಟ್ಟು ನೋಡಿ, ಗಂಟೆಗಟ್ಟಲೆ ಬಿಟ್ಟರೆ ಮೊಟ್ಟೆ ಸೊರಗಿ ಆಕಾರ ಕೆಡುತ್ತದೆ. ಹಿಕ್ಕೆಯನ್ನು ಗುದದಿಂದಲೇ ತೆಗೆಯಿರಿ. ರೊಪ್ಪದ ನೆಲದಿಂದ ಆರಿಸಿದರೆ ಮಣ್ಣಿನ ಹುಳು, ಹೇನುನುಸಿಯ ಮೊಟ್ಟೆ ಎಲ್ಲ ಸೇರುತ್ತವೆ.

ಹಾಗಾದರೆ ಬದುಕಿರುವ ಕುರಿಯಲ್ಲಿ ಯಾವ ಹುಳು ಇದೆ ಎಂದು ತಿಳಿಯುವ ದಾರಿ?

ಹಿಕ್ಕೆಯಲ್ಲಿನ ಮೊಟ್ಟೆಯಿಂದ ಮರಿಹುಳು ಬೆಳೆಸಿ ನೋಡುವುದು. ಹತ್ತು ಮರಿಕುರಿಗಳಿಂದ ತಲಾ 5 ಗ್ರಾಂ ಹಿಕ್ಕೆ ಸೇರಿಸಿ ಪುಡಿಮಾಡಿ ಅಗಲ ಬಾಯಿಯ ಗಾಜಿನ ಜಾಡಿಗೆ ಸಡಿಲವಾಗಿ ತುಂಬಿ. ಹಿಂಡಿದರೆ ನೀರು ಬರಬಾರದು, ಮುಟ್ಟಿದರೆ ತೇವ ತಿಳಿಯಬೇಕು. ತೀರಾ ಹಸಿ ಇದ್ದರೆ ಮರದ ಹೊಟ್ಟು ಬೆರೆಸಿ. ಮುಚ್ಚಳ ಸಡಿಲ ಬಿಟ್ಟು 27 ಡಿಗ್ರಿಯಲ್ಲಿ 7 ದಿನ, ಕೋಣೆಯ ನೆರಳಲ್ಲಾದರೆ 10 ದಿನ. ದಿನಕ್ಕೊಮ್ಮೆ ಗಾಳಿ ಆಡಿಸಿ, ಒಣಗಿದಂತೆ ಕಂಡರೆ ನೀರು ಚಿಮುಕಿಸಿ.

ಕೊನೆಯ ದಿನ ಜಾಡಿಗೆ ಅಂಚಿನವರೆಗೆ ಉಗುರುಬೆಚ್ಚಗಿನ ನೀರು ತುಂಬಿ, ಮೇಲೆ ಪೆಟ್ರಿ ತಟ್ಟೆ ಮುಚ್ಚಿ, ಎರಡನ್ನೂ ಒತ್ತಿ ಹಿಡಿದು ತಲೆಕೆಳಗು ಮಾಡಿ. ತಟ್ಟೆಗೆ 10 ಮಿ.ಲೀ ನೀರು ಹಾಕಿ. ಬೆಳಗಾಗುವಷ್ಟರಲ್ಲಿ ಮರಿಗಳು ತಟ್ಟೆಯ ನೀರಿಗೆ ಬಂದಿರುತ್ತವೆ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಫ್ರಿಜ್. ಬರೀ ಎಣಿಕೆಗಾದರೆ ಹಿಕ್ಕೆಯನ್ನು 4 ಡಿಗ್ರಿಯಲ್ಲಿಡಬಹುದು. ಮರಿ ಬೆಳೆಸಲು ಇರುವ ಹಿಕ್ಕೆಯನ್ನು ಇಡಬಾರದು. ಹೀಮಾಂಕಸ್ ಮೊಟ್ಟೆ ತಂಪಿಗೆ ಸಾಯುತ್ತದೆ, ಬೇರೆಯವು ಉಳಿಯುತ್ತವೆ, ಫಲಿತಾಂಶದಲ್ಲಿ ಹೀಮಾಂಕಸ್ ಇಲ್ಲವೇ ಇಲ್ಲ ಎಂಬಂತೆ ಬರುತ್ತದೆ.

ಬೆಳೆದ ಮರಿಹುಳುವಿನಲ್ಲಿ ಏನು ನೋಡಬೇಕು?

ಒಂದು ತೊಟ್ಟು ಅಯೋಡಿನ್ ಹಾಕಿ, ಮರಿಗಳು ನೆಟ್ಟಗಾಗಿ ನಿಲ್ಲುತ್ತವೆ. ಮೊದಲು ಮೈಮೇಲೆ ಸಡಿಲ ಪೊರೆ ಇದೆಯೇ ನೋಡಿ. ಪೊರೆ ಇಲ್ಲದೆ, ಅನ್ನನಾಳ ಮೈಯ ಉದ್ದದಲ್ಲಿ ನೂರಕ್ಕೆ ಸುಮಾರು 40 ಭಾಗ ಇದ್ದರೆ ಸ್ಟ್ರಾಂಜಿಲಾಯ್ಡಿಸ್. ಪೊರೆಯೂ ಇಲ್ಲ, ಅನ್ನನಾಳವೂ ಗಿಡ್ಡ ಎಂದರೆ ಮಣ್ಣಿನ ಹುಳು, ಲೆಕ್ಕಕ್ಕಿಲ್ಲ.

ಪೊರೆ ಇದ್ದವುಗಳಲ್ಲಿ, ಮರಿಯ ಬಾಲದ ತುದಿಯಿಂದ ಪೊರೆಯ ಬಾಲದ ತುದಿಗೆ ಎಷ್ಟು ದೂರ ಎಂದು ಅಳೆಯಿರಿ. 20ರಿಂದ 40 ಮೈಕ್ರಾನ್ ಬಂದರೆ ಟ್ರೈಕೊಸ್ಟ್ರಾಂಜೈಲಸ್. ಸುಮಾರು 65ರಿಂದ 80 ಬಂದು, ಪೊರೆಯ ಬಾಲ ಸ್ವಲ್ಪ ಕೊಂಕಿದ್ದು, ತಲೆ ಸಪೂರವಿದ್ದರೆ ಹೀಮಾಂಕಸ್. 100 ಮೀರಿ ದಾರದಂತೆ ಎಳೆದುಕೊಂಡಿದ್ದರೆ ಈಸೊಫ್ಯಾಗೊಸ್ಟೋಮಂ ಅಥವಾ ಚಬರ್ಷಿಯಾ. ತಲೆಯಲ್ಲಿ ಹೊಳೆಯುವ ಎರಡು ಚುಕ್ಕೆ ಕಂಡರೆ ಕೂಪೇರಿಯಾ. ಕರುಳಿನ ಕೋಶ 8 ಮಾತ್ರ ಇದ್ದು ಬಾಲ ಬಹಳ ಉದ್ದವಿದ್ದರೆ ನೆಮಟೊಡೈರಸ್, ಹೀಮಾಂಕಸ್, ಟ್ರೈಕೊಸ್ಟ್ರಾಂಜೈಲಸ್‌ನಲ್ಲಿ 16 ಇರುತ್ತವೆ. ಸಿಕ್ಕ ಮೊದಲ 100 ಮರಿಗಳನ್ನು ಆರಿಸದೆ, ಬಿಡದೆ ಗುರುತಿಸಿ. ಇಲ್ಲೂ ತಿಳಿಯುವುದು ಕುಲ, ಜಾತಿಯಲ್ಲ.

ನನ್ನ ಅಳತೆ ಪುಸ್ತಕದ ಅಳತೆಗೆ ಹೊಂದುವುದೇ ಇಲ್ಲ.

ಐಪೀಸ್ ಮಾಪಕವನ್ನು, ಅಂದರೆ ಕಣ್ಣಿಡುವ ಮಸೂರದೊಳಗಿನ ಗೆರೆಪಟ್ಟಿಯನ್ನು, ಆ ಸೂಕ್ಷ್ಮದರ್ಶಕಕ್ಕೇ, ಆ ಮಸೂರಕ್ಕೇ ಹೊಂದಿಸಿಲ್ಲ. ಸ್ಲೈಡಿನ ಜಾಗದಲ್ಲಿಡುವ ಸ್ಟೇಜ್ ಮಾಪಕದಲ್ಲಿ 1 ಮಿ.ಮೀ.ಗೆ 100 ಗೆರೆ, ಒಂದೊಂದು 10 ಮೈಕ್ರಾನ್. 40ರ ಮಸೂರದಲ್ಲಿ ಐಪೀಸಿನ 40 ಗೆರೆ ಸ್ಟೇಜಿನ 10 ಗೆರೆಗೆ ಸರಿಯಾಗಿ ಕೂತರೆ, 100 ಮೈಕ್ರಾನ್‌ಗೆ 40, ಅಂದರೆ ಒಂದು ಗೆರೆ 2.5 ಮೈಕ್ರಾನ್. ಆಗ 32 ಗೆರೆ ಉದ್ದದ ಮೊಟ್ಟೆ 80 ಮೈಕ್ರಾನ್. ಪಕ್ಕದ ಟೇಬಲಿನ ಸೂಕ್ಷ್ಮದರ್ಶಕದ ಅಂಕಿ ಇದಕ್ಕೆ ಹಾಕಬೇಡಿ.

ಕಣ್ಣು ಬಿಳಿಚಿದೆ, ಗದ್ದದ ಕೆಳಗೆ ನೀರು ತುಂಬಿದೆ. ಹೀಮಾಂಕಸ್ ಎಂದೇ ತಿಳಿಯಬಹುದೇ?

ಮಳೆಗಾಲದಲ್ಲಿ ಮೊದಲ ಅನುಮಾನ ಅದೇ ಆಗಬೇಕು. ಆದರೆ ಕೆರೆ ಹತ್ತಿರದ ಕುರಿಗೆ ಫ್ಯಾಸಿಯೋಲಾ ಕೂಡ ಇದನ್ನೇ ಮಾಡುತ್ತದೆ, ಕೊಕ್ಕೆಹುಳುವೂ ಮಾಡುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚ ಎಂಬ, ಕಣ್ಣಿನ ಒಳರೆಪ್ಪೆಯ ಬಣ್ಣಕ್ಕೆ ಹೋಲಿಸುವ ಐದು ಬಣ್ಣದ ಕಾರ್ಡು ತೋರಿಸುವುದು ರಕ್ತ ಎಷ್ಟು ಇಳಿದಿದೆ ಎಂಬುದನ್ನು, ಯಾವ ಹುಳು ಎಂಬುದನ್ನಲ್ಲ.

ಕುರಿಯ ಹುಳುವೇ ಮಕ್ಕಳಿಗೆ, ಕೋಳಿಗೆ ಬರುವುದೇ?

ಮಕ್ಕಳಿಂದ ಬೀಳುವ ಗೇಣುದ್ದದ ಹುಳು ಆಸ್ಕಾರಿಸ್ ಲಂಬ್ರಿಕಾಯ್ಡಿಸ್, ಕುರಿಗೆ ಸಂಬಂಧವಿಲ್ಲ. ಟ್ರೈಕೊಸ್ಟ್ರಾಂಜೈಲಸ್ ಮಾತ್ರ ತೊಳೆಯದ ಸೊಪ್ಪಿನಿಂದ ಮನುಷ್ಯರಿಗೂ ತಗಲುವುದುಂಟು. ಕೋಳಿಯ ಸಣ್ಣಕರುಳಿನ ದೊಡ್ಡ ಹುಳು ಆಸ್ಕರಿಡಿಯಾ ಗ್ಯಾಲಿ, ಅದರ ಸೀಕಂನ ಸಣ್ಣ ಹುಳು ಹೆಟರಾಕಿಸ್.

ಗುರುತು ಸಿಗದ ಹುಳುವನ್ನು ಕಳಿಸುವುದು ಹೇಗೆ?

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪರೋಪಜೀವಿ ಶಾಸ್ತ್ರದ ವಿಭಾಗವಿದೆ, ನಿಮ್ಮ ತಾಲ್ಲೂಕು ಪಶುವೈದ್ಯರ ಮೂಲಕ ಕಳಿಸಿ. ಒಂದು ಅಂಗದ ಹುಳುವಿಗೆ ಒಂದು ಶೀಶೆ. ಗಂಡು ಹೆಣ್ಣು ಎರಡೂ ಇರಲಿ, ಚಿಕ್ಕದನ್ನು ಎಸೆಯಬೇಡಿ, ಬಹಳ ಸಲ ಗಂಡು ಅದೇ. ಆಕಾರ ನೋಡಲು 70 ಭಾಗದ ಆಲ್ಕೋಹಾಲ್, ಡಿಎನ್ಎ ಪರೀಕ್ಷೆಗೆ 95 ಭಾಗದ್ದು. ಫಾರ್ಮಾಲಿನ್ ಹಾಕಿದರೆ ಡಿಎನ್ಎ ಕೆಲಸ ಕಷ್ಟವಾಗುತ್ತದೆ. ಶೀಶೆಯನ್ನು ಕತ್ತಿನವರೆಗೆ ತುಂಬಿ, ಅರ್ಧ ಖಾಲಿ ಬಿಟ್ಟರೆ ದಾರಿಯಲ್ಲಿ ಕುಲುಕಾಡಿ ಬಾಲದ ಪೊರೆ ಹರಿಯುತ್ತದೆ. ಕುರಿಯೋ ಮೇಕೆಯೋ, ವಯಸ್ಸು, ಅಂಗ, ಊರು, ದಿನಾಂಕ, ಕೊನೆಯದಾಗಿ ಕುಡಿಸಿದ ಔಷಧಿಯ ಹೆಸರು ಮತ್ತು ದಿನ, ಇಷ್ಟನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಶೀಶೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ಹೊರಗೆ ಅಂಟಿಸಿದ ಚೀಟಿ ಸೋರಿದ ಸ್ಪಿರಿಟ್‌ಗೆ ಕಳಚಿಕೊಳ್ಳುತ್ತದೆ.